ಕೇಳಿದರೆ ಹೇಳುವ ನಕ್ಷೆ

ಊರು ಎಲ್ಲಿದೆ, ನದಿಯು ಯಾವ ಕಡೆಗೆ ಹರಿಯುತ್ತದೆ, ದಾರಿಯು ಎಲ್ಲಿ ಕವಲೊಡೆಯುತ್ತದೆ ಎಂಬುದನ್ನು ತಿಳಿಯಲು ನಾವು ನಕ್ಷೆಯನ್ನು ನೋಡುತ್ತೇವೆ. ಗೋಡೆಗೆ ತೂಗುಹಾಕಿದ ಭೂಪಟದ ಕೆಲಸ ಅಷ್ಟಕ್ಕೇ ಮುಗಿಯುತ್ತದೆ. ಅದನ್ನು ಬರೆದವನು ಏನನ್ನು ತೋರಿಸಬೇಕೆಂದು ಬಗೆದನೋ ಅದನ್ನಷ್ಟೇ ಅದು ತೋರಿಸಬಲ್ಲುದು. ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ನಕ್ಷೆಯ ರೀತಿಯೇ ಬೇರೆ. ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ಅತ್ತಿತ್ತ ಸರಿಸಬಹುದು. ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ಮರೆಮಾಡಬಹುದು. ಅಂಕಿ ಅಂಶಗಳನ್ನು ಚಿತ್ರರೂಪದಲ್ಲಿ ತೋರಿಸುವ ತಂತ್ರಾಂಶಗಳಲ್ಲಿ ಇಂತಹ ನಕ್ಷೆಗಳಿಗೆ ಮುಖ್ಯವಾದ ಸ್ಥಾನವಿದೆ. ಇವು ಕೇಳಿದರೆ ಹೇಳುವ ನಕ್ಷೆಗಳು. ಆದರೆ ಏನನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬ ಅರಿವು ಕೇಳುವವರಲ್ಲಿ ಇರಬೇಕು. ಆ ಅರಿವಿನ ಬೆಲೆ ಎಷ್ಟೆಂಬುದನ್ನು ತಿಳಿಯಲು, ಕಂಪ್ಯೂಟರು ಹುಟ್ಟುವುದಕ್ಕೆ ಬಹಳ ಹಿಂದೆ ನಡೆದ ಒಂದು ಘಟನೆಯನ್ನು ನೋಡೋಣ.

1854ರ ಆಗಸ್ಟ್ ತಿಂಗಳ ಕೊನೆಯಲ್ಲಿ ಲಂಡನ್ ನಗರದ ಸೋಹೋ ಎಂಬ ಬಡಾವಣೆಯಲ್ಲಿ ಕಾಲರಾ ರೋಗವು ಉಗ್ರವಾಗಿ ಹರಡಿತು. ಹತ್ತು ದಿನಗಳಲ್ಲಿ ಐದುನೂರಕ್ಕೂ ಹೆಚ್ಚು ಜನರು ಮೃತರಾದರು. ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ಈ ರೋಗಕ್ಕೆ ಕಾರಣವೆಂದು ಅಂದಿನ ಹೆಚ್ಚಿನ ವೈದ್ಯರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯನ ಅಭಿಪ್ರಾಯವು ಬೇರೆಯಾಗಿತ್ತು. ಕುಡಿಯುವ ನೀರೇ ರೋಗವನ್ನು ಹೊತ್ತು ತರುತ್ತದೆಂದು ಅವನು 1849ರಲ್ಲಿಯೇ ಬರೆದಿದ್ದನು. ಈಗ ಅವನು ಮೃತರ ಪಟ್ಟಿಯನ್ನು ಹಿಡಿದು ಮನೆಮನೆಗೂ ಹೋಗಿ ವಿಚಾರಿಸಿದನು. ಸತ್ತವರಲ್ಲಿ ಬಹುಪಾಲು ಜನರು ಬ್ರಾಡ್ ಬೀದಿಯ ಕೈಪಂಪಿನ ಸಮೀಪದಲ್ಲಿ ವಾಸವಾಗಿದ್ದವರು. ಅವನ ಮಾತಿಗೆ ಕಿವಿಗೊಟ್ಟು, ಸ್ಥಳೀಯ ಆಡಳಿತದವರು ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಯನ್ನು ತೆಗೆಸಿಹಾಕಿದರು. ರೋಗದ ಹಾವಳಿಯು ಅಷ್ಟು ಹೊತ್ತಿಗಾಗಲೇ ಇಳಿಮುಖವಾಗಿತ್ತೆಂಬುದನ್ನು ಸ್ನೋ ಮರೆಮಾಚಲಿಲ್ಲ.

ಅನಂತರ ಅವನು ತನ್ನ ವಾದವನ್ನು ವಿವರಿಸಲು ಒಂದು ನಕ್ಷೆಯನ್ನು ಸಿದ್ಧಪಡಿಸಿದನು. ಪ್ರತಿಯೊಂದು ಸಾವಿಗೂ ಆಯಾ ಮನೆಯ ಮುಂದೆ ಒಂದೊಂದು ಕಪ್ಪು ಗೆರೆಯನ್ನು ಹಾಕಿದನು. ಪಂಪಿನ ಬಳಿ ಗೆರೆಗಳು ಒತ್ತಾಗಿದ್ದವು. ದೂರ ಹೋದಂತೆಲ್ಲ ವಿರಳವಾದವು.

ಸ್ನೋ ಗುರುತಿಸಿದ ಈ ವಿವರಗಳನ್ನು ಇಂದು ಕಂಪ್ಯೂಟರಿಗೂ ಅಳವಡಿಸಿದ್ದಾರೆ. ಆ ನಕ್ಷೆಯನ್ನು ಪರದೆಯ ಮೇಲೆ ತೆರೆದಿದ್ದೇವೆಂದು ಭಾವಿಸಿ, ಅದರಲ್ಲಿ ಸಂಚರಿಸುವ ಬಗೆಯನ್ನು ತಿಳಿಯೋಣ.

ಮೊದಲನೆಯದು ಪದರಗಳು. ಬೀದಿಗಳದು ಒಂದು ಪದರ, ಸಾವುಗಳದು ಮತ್ತೊಂದು, ಪಂಪುಗಳದು ಮೂರನೆಯದು. ಪಾರದರ್ಶಕವಾದ ಹಾಳೆಗಳನ್ನು ಒಂದರ ಮೇಲೊಂದು ಇರಿಸಿದಂತೆ ಇವು ಕೂಡಿಕೊಂಡಿರುತ್ತವೆ. ಪಂಪುಗಳ ಪದರವನ್ನು ತೆಗೆದುಬಿಟ್ಟರೆ ಸಾವುಗಳ ದಟ್ಟಣೆ ಕಾಣುತ್ತದೆಯೇ ಹೊರತು ಅದಕ್ಕೂ ನೀರಿಗೂ ಇರುವ ಸಂಬಂಧವು ಕಾಣುವುದಿಲ್ಲ.

ಎರಡನೆಯದು ನಕ್ಷೆಯನ್ನು ಹಿಗ್ಗಿಸುವುದು. ಪರದೆಯ ನಕ್ಷೆಯು ಸಾಮಾನ್ಯವಾಗಿ ಚೌಕಾಕಾರದ ಚಿಕ್ಕ ಚಿಕ್ಕ ಬಿಲ್ಲೆಗಳಿಂದ ಕೂಡಿರುತ್ತದೆ. ಮೊದಲ ಹಂತದಲ್ಲಿ ಇಡೀ ಭೂಮಂಡಲವು ಒಂದೇ ಬಿಲ್ಲೆಯಲ್ಲಿ ಅಡಗಿರುತ್ತದೆ. ಒಂದು ಸಲ ಹಿಗ್ಗಿಸಿದರೆ ಆ ಬಿಲ್ಲೆಯ ಜಾಗದಲ್ಲಿ 4 ಬಿಲ್ಲೆಗಳು, ಇನ್ನೊಂದು ಸಲಕ್ಕೆ 16, ಮತ್ತೊಂದು ಸಲಕ್ಕೆ 64 ಆಗುತ್ತವೆ. ಹತ್ತು ಸಲ ಹಿಗ್ಗಿಸುವ ಹೊತ್ತಿಗೆ ಇಡೀ ಜಗತ್ತಿಗೆ ಬೇಕಾಗುವ ಬಿಲ್ಲೆಗಳ ಸಂಖ್ಯೆ 10,48,576. ಆದರೆ ನಾವು ನೋಡುತ್ತಿರುವ ಭಾಗಕ್ಕೆ ಬೇಕಾದಷ್ಟನ್ನು ಮಾತ್ರ ಕಂಪ್ಯೂಟರು ತರಿಸಿಕೊಳ್ಳುತ್ತದೆ. ನಕ್ಷೆಯನ್ನು ಬೆರಳಿನಿಂದಲೋ ಮೌಸಿನಿಂದಲೋ ಪಕ್ಕಕ್ಕೆ ಎಳೆದಾಗ ಹೊಸ ಬಿಲ್ಲೆಗಳು ಬಂದು ಸೇರಿಕೊಳ್ಳುತ್ತವೆ.

ಮೂರನೆಯದು ಆಯ್ಕೆ. ಒಂದು ಮನೆಯ ಗುರುತಿನ ಮೇಲೆ ಬಾಣವನ್ನು ನಿಲ್ಲಿಸಿದರೆ ಅಲ್ಲಿ ಎಷ್ಟು ಜನ ಸತ್ತರೆಂಬುದು ಪುಟ್ಟ ಚೌಕಟ್ಟಿನಲ್ಲಿ ಮೂಡುತ್ತದೆ. ಪಂಪಿನ ಸುತ್ತ ಒಂದು ವೃತ್ತವನ್ನು ಎಳೆದರೆ ಅದರೊಳಗಿನ ಸಾವುಗಳ ಮೊತ್ತವು ತಿಳಿಯುತ್ತದೆ. ಐದಕ್ಕಿಂತ ಹೆಚ್ಚು ಸಾವುಗಳಾದ ಮನೆಗಳು ಮಾತ್ರ ಸಾಕೆಂದರೆ ಉಳಿದವು ಮರೆಯಾಗುತ್ತವೆ. ಹೀಗೆ ಸಂಚರಿಸುತ್ತ ದಾರಿ ತಪ್ಪಿದರೂ ಚಿಂತೆಯಿಲ್ಲ. ಮೊದಲಿನ ನೋಟಕ್ಕೆ ಮರಳಿಸುವ ಗುಂಡಿಯೂ ಇರುತ್ತದೆ.

ಇಷ್ಟನ್ನು ಕಲಿತ ಮಾತ್ರಕ್ಕೆ ನಕ್ಷೆಯನ್ನು ಓದಲು ಕಲಿತಂತಾಗಲಿಲ್ಲ. ಮನೆಮನೆಯ ಸಾವುಗಳನ್ನು ಬಿಟ್ಟು, ಬಡಾವಣೆಯನ್ನು ನಾಲ್ಕಾರು ದೊಡ್ಡ ಭಾಗಗಳನ್ನಾಗಿ ಮಾಡಿ, ಒಂದೊಂದರ ಮೊತ್ತಕ್ಕೆ ತಕ್ಕಂತೆ ಬಣ್ಣ ಬಳಿದಿದ್ದರೆ ಏನಾಗುತ್ತಿತ್ತು? ಗಡಿಯ ಗೆರೆಯು ಪಂಪಿನ ಬಳಿಯಲ್ಲಿಯೇ ಹಾದುಹೋಗಿದ್ದರೆ ಸಾವುಗಳು ಎರಡು ಮೂರು ಭಾಗಗಳಿಗೆ ಹಂಚಿಹೋಗಿ, ಪಂಪಿನ ಮೇಲೆ ಯಾರಿಗೂ ಸಂಶಯವೇ ಹುಟ್ಟುತ್ತಿರಲಿಲ್ಲ. ಅಂಕಿಗಳು ಅವೇ, ನಕ್ಷೆ ಹೇಳುವ ಮಾತು ಮಾತ್ರ ಬೇರೆ.

ನಮ್ಮ ರಾಜ್ಯದ ನಕ್ಷೆಯಲ್ಲಿ ಉತ್ತರ ಕನ್ನಡ ಜಿಲ್ಲೆಯು ಬೆಂಗಳೂರು ನಗರ ಜಿಲ್ಲೆಯ ನಾಲ್ಕು ಪಟ್ಟಿಗಿಂತಲೂ ವಿಶಾಲವಾಗಿ ಕಾಣುತ್ತದೆ. ಆದರೆ 2011ರ ಜನಗಣತಿಯಂತೆ ಉತ್ತರ ಕನ್ನಡದ ಜನಸಂಖ್ಯೆ ಸುಮಾರು 14 ಲಕ್ಷ. ಬೆಂಗಳೂರು ನಗರ ಜಿಲ್ಲೆಯದು ಸುಮಾರು 96 ಲಕ್ಷ. ಹರವಾದ ಬಣ್ಣವನ್ನು ಕಂಡು ಹೆಚ್ಚು ಜನರೆಂದು ಬಗೆಯುವುದು ಕಣ್ಣಿಗೆ ಸಹಜವಾದ ಭ್ರಮೆ. ಆದುದರಿಂದ ಬಣ್ಣವು ಏನನ್ನು ಸೂಚಿಸುತ್ತದೆ, ಅದು ಒಟ್ಟು ಸಂಖ್ಯೆಯೋ ನೂರಕ್ಕೆ ಇಷ್ಟೆಂಬ ಪ್ರಮಾಣವೋ, ಯಾವ ವರ್ಷದ್ದು ಎಂಬುದನ್ನು ಮೊದಲು ವಿಚಾರಿಸಬೇಕು.

ಸ್ನೋ ಇಂತಹ ವಿಚಾರಣೆಯನ್ನು ಕಾಲ್ನಡಿಗೆಯಲ್ಲಿ ಮಾಡಿದನು. ಪಂಪಿಗೆ ಹತ್ತಿರದಲ್ಲಿಯೇ ನಿರ್ಗತಿಕರ ವಸತಿಗೃಹವೊಂದಿತ್ತು. ಅಲ್ಲಿದ್ದ 535 ಜನರಲ್ಲಿ ಸತ್ತವರು ಐವರು ಮಾತ್ರ. ಹೋಗಿ ಕೇಳಿದಾಗ, ಅವರಿಗೆ ಬೇರೆ ಬಾವಿಯಿದ್ದುದು ತಿಳಿಯಿತು. ಇದಕ್ಕೆ ವಿರುದ್ಧವಾಗಿ, ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆಯು ಕಾಲರಾದಿಂದ ಸತ್ತಿದ್ದಳು. ಅವಳು ಬಹಳ ತಿಂಗಳುಗಳಿಂದ ಸೋಹೋ ಕಡೆಗೆ ಬಂದಿರಲೇ ಇಲ್ಲ. ಆದರೆ ಬ್ರಾಡ್ ಬೀದಿಯ ನೀರಿನ ರುಚಿ ಅವಳಿಗೆ ಹಿಡಿಸಿದ್ದರಿಂದ, ಪ್ರತಿದಿನವೂ ಒಂದು ಸೀಸೆ ನೀರನ್ನು ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳೆಂದು ವಿಚಾರಣೆಯಿಂದ ಗೊತ್ತಾಯಿತು. ಅದೇ ನೀರನ್ನು ಕುಡಿದು ಹೋದ ಅವಳ ಬಂಧುವಾದ ತರುಣಿಯೂ ತನ್ನ ಊರಿನಲ್ಲಿ ಸತ್ತಳು. ಸೋಹೋ ನಕ್ಷೆಯ ಚೌಕಟ್ಟಿನ ಆಚೆಗಿದ್ದ ಈ ಎರಡು ಸಾವುಗಳು ಸ್ನೋನ ವಾದಕ್ಕೆ ಬಲವಾದ ಸಾಕ್ಷಿಗಳಾದವು.

ನಕ್ಷೆಯು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಏಕೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಎಬ್ಬಿಸುತ್ತದೆ. ದಟ್ಟವಾದ ಗುರುತುಗಳನ್ನು ಕಂಡಾಗ ಕಾರಣವನ್ನು ಹುಡುಕಬೇಕು. ಖಾಲಿಯಾದ ಜಾಗವನ್ನು ಕಂಡಾಗಲೂ ಹುಡುಕಬೇಕು. ಪರದೆಯ ಮೇಲೆ ಒಂದು ಗಳಿಗೆಯಲ್ಲಿ ಊರೂರು ಸುತ್ತಬಹುದಾದರೂ, ಅಲ್ಲಿನ ಒಂದೊಂದು ಚುಕ್ಕೆಯ ಹಿಂದೆಯೂ ಒಂದು ಮನೆಯಿದೆ, ಅದರಲ್ಲಿ ಬಾಳಿದ ಜನರಿದ್ದಾರೆ ಎಂಬುದನ್ನು ನಾವು ಮರೆಯಬಾರದು.