ಸಂಶೋಧನೆಯಲ್ಲಿ ಪ್ರಾಕ್ಕಲ್ಪನೆ: ರಚನೆ ಮತ್ತು ಪರೀಕ್ಷೆ

ಕನ್ನಡ ಸಂಶೋಧನಾ ಪ್ರಬಂಧಗಳ ಮೊದಲ ಅಧ್ಯಾಯದಲ್ಲಿ ಉದ್ದೇಶ, ವ್ಯಾಪ್ತಿ, ವಿಧಾನಗಳ ಜೊತೆಗೆ ಪ್ರಾಕ್ಕಲ್ಪನೆಯೂ ಒಂದು ವಾಡಿಕೆಯ ಅಂಗವಾಗಿದೆ. ಆದರೆ ಆ ಶೀರ್ಷಿಕೆಯಡಿ ಬರುವ ಮಾತುಗಳು ಅನೇಕ ವೇಳೆ ‘ಜನಪದ ಗೀತೆಗಳಲ್ಲಿ ಜನಜೀವನ ಪ್ರತಿಬಿಂಬಿತವಾಗಿದೆ’ ಎಂಬ ಬಗೆಯವು. ಈ ಹೇಳಿಕೆಯ ತೊಡಕು ಅದು ಸುಳ್ಳೆಂಬುದಲ್ಲ, ಸುಳ್ಳಾಗುವ ಸಾಧ್ಯತೆಯೇ ಅದಕ್ಕಿಲ್ಲ ಎಂಬುದು. ಯಾವ ಗೀತೆಯನ್ನು ತಂದರೂ ಅದು ಸಮರ್ಥನೆಯಾಗುತ್ತದೆ. ವರ್ಷಗಟ್ಟಲೆ ನಡೆಸಿದ ಕ್ಷೇತ್ರಕಾರ್ಯ ಕೇವಲ ಉದಾಹರಣೆಗಳ ಸಂಗ್ರಹವಾಗಿ ಉಳಿದು, ಮೊದಲ ಪುಟದ ಮಾತೇ ಕೊನೆಯ ಪುಟದಲ್ಲಿ ತೀರ್ಮಾನವಾಗಿ ಮರಳುತ್ತದೆ.

ಪ್ರಾಕ್ಕಲ್ಪನೆಯ ಸ್ವರೂಪ

ಸಂಶೋಧನೆಯ ಪ್ರಶ್ನೆಗೆ ತಾತ್ಕಾಲಿಕವಾಗಿ ಒಡ್ಡಿದ, ಆಕರಗಳಿಂದ ಪರೀಕ್ಷಿಸಬಹುದಾದ ಉತ್ತರವೇ ಪ್ರಾಕ್ಕಲ್ಪನೆ. ಇದು ಉದ್ದೇಶವೂ ಅಲ್ಲ, ನಂಬಿಕೆಯೂ ಅಲ್ಲ. ೧೯೩೪ರಲ್ಲಿ ಪ್ರಕಟವಾದ ತನ್ನ ಜರ್ಮನ್ ಗ್ರಂಥದಲ್ಲಿ ಕಾರ್ಲ್ ಪಾಪರ್, ಒಂದು ಹೇಳಿಕೆ ವೈಜ್ಞಾನಿಕವೆನಿಸಬೇಕಾದರೆ ಅದು ಅನುಭವದಿಂದ ನಿರಾಕರಣೆಗೆ ಒಳಗಾಗುವಂತಿರಬೇಕು ಎಂದು ವಾದಿಸಿದನು.

ಇದಕ್ಕೆ ವೈದ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ನಿದರ್ಶನವೊಂದಿದೆ. ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ೧೮೪೬ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ ೧೧ಕ್ಕೂ ಹೆಚ್ಚು ತಾಯಂದಿರು ಮೃತರಾದರೆ, ಎರಡನೆಯದರಲ್ಲಿ ಆ ಪ್ರಮಾಣ ೩ಕ್ಕಿಂತ ಕಡಿಮೆಯಿತ್ತು. ಜನಸಂದಣಿಯೇ ಕಾರಣವೆಂಬ ಊಹೆಯನ್ನು ಇಗ್ನಾಜ್ ಸೆಮ್ಮೆಲ್‌ವೈಸ್ ತಳ್ಳಿಹಾಕಿದನು. ಏಕೆಂದರೆ ಸಂದಣಿ ಹೆಚ್ಚಿದ್ದುದು ಎರಡನೆಯ ವಿಭಾಗದಲ್ಲಿಯೇ. ಮೊದಲ ವಿಭಾಗದ ವೈದ್ಯವಿದ್ಯಾರ್ಥಿಗಳು ಶವಪರೀಕ್ಷೆ ಮುಗಿಸಿ ಬಂದು ಗರ್ಭಿಣಿಯರನ್ನು ಮುಟ್ಟುತ್ತಿದ್ದರು. ಎರಡನೆಯ ವಿಭಾಗದ ಸೂಲಗಿತ್ತಿಯರಿಗೆ ಶವಪರೀಕ್ಷೆಯ ಕೆಲಸವಿರಲಿಲ್ಲ. ಕೈಗಂಟಿದ ಶವದ್ರವ್ಯವೇ ಕಾರಣವಾದರೆ, ಅದನ್ನು ತೊಳೆದಾಗ ಸಾವು ಇಳಿಯಬೇಕು. ಇಳಿಯದಿದ್ದರೆ ಊಹೆ ತಪ್ಪು. ೧೮೪೭ರ ಮೇ ತಿಂಗಳಿನಿಂದ ಕ್ಲೋರಿನ್‌ಯುಕ್ತ ಸುಣ್ಣದ ದ್ರಾವಣದಲ್ಲಿ ಕೈತೊಳೆಯುವ ನಿಯಮ ಜಾರಿಗೆ ಬಂದಿತು. ೧೮೪೮ರಲ್ಲಿ ಎರಡೂ ವಿಭಾಗಗಳ ಸಾವಿನ ಪ್ರಮಾಣ ನೂರಕ್ಕೆ ೨ಕ್ಕಿಂತ ಕೆಳಗಿತ್ತು. ರೋಗಾಣುಗಳ ಅರಿವು ಇನ್ನೂ ಮೂಡದಿದ್ದ ಕಾಲದಲ್ಲಿಯೂ ಊಹೆ ಪರೀಕ್ಷೆಗೆ ಒಳಗಾಗುವಂತಿದ್ದುದರಿಂದ ಜೀವಗಳು ಉಳಿದವು.

ಕನ್ನಡದ ಒಂದು ನಿದರ್ಶನ: ಪಕಾರ–ಹಕಾರ

ಭಾಷೆಯ ಅಧ್ಯಯನಕ್ಕೂ ಈ ಕ್ರಮ ಅನ್ವಯಿಸುತ್ತದೆ. ಹಳಗನ್ನಡದ ಪಾಲ್, ಪುಲಿ, ಪೂ, ಪತ್ತು ಎಂಬ ರೂಪಗಳು ಹಾಲು, ಹುಲಿ, ಹೂ, ಹತ್ತು ಎಂದಾಗಿವೆ. ‘ಹಳಗನ್ನಡದ ಪಕಾರ ಹಕಾರವಾಯಿತು’ ಎಂಬುದು ಇಲ್ಲಿನ ಮೊದಲ ಪ್ರಾಕ್ಕಲ್ಪನೆ. ಅಪ್ಪ, ಉಪ್ಪು, ತುಪ್ಪ, ಕೆಂಪು, ತಂಪು ಎಂಬ ಪದಗಳು ಇದನ್ನು ಒಡನೆಯೇ ನಿರಾಕರಿಸುತ್ತವೆ. ದ್ವಿತ್ವದಲ್ಲಿ ಮತ್ತು ಅನುನಾಸಿಕದ ಬಳಿಕ ಪಕಾರ ಉಳಿದಿದೆ. ಆದ್ದರಿಂದ ಪ್ರಾಕ್ಕಲ್ಪನೆಯನ್ನು ಪದಾದಿಗೆ ಸೀಮಿತಗೊಳಿಸಬೇಕಾಗುತ್ತದೆ.

ಆಗ ಪರ್ವತ, ಪುಣ್ಯ, ಪುಸ್ತಕಗಳು ಎದುರಾಗುತ್ತವೆ. ‘ದೇಶ್ಯ ಪದಗಳಲ್ಲಿ ಮಾತ್ರ’ ಎಂದು ತಿದ್ದಿದರೆ, ಪರ್ವದಿಂದ ಬಂದ ಹಬ್ಬ ಅದನ್ನೂ ಮುರಿಯುತ್ತದೆ. ಪಬ್ಬ ಎಂಬ ತದ್ಭವವಾಗಿ ಕನ್ನಡದಲ್ಲಿ ಮೊದಲೇ ಬೆರೆತ ಪದ ದೇಶ್ಯ ಪದಗಳಂತೆಯೇ ಬದಲಾಗಿದೆ. ಹಾಗಾಗಿ ನಿರ್ಣಾಯಕವಾದುದು ಪದದ ಕುಲವಲ್ಲ. ಬದಲಾವಣೆಯ ವೇಳೆಗೆ ಅದು ಆಡುನುಡಿಯಲ್ಲಿ ನೆಲೆಗೊಂಡಿತ್ತೇ ಎಂಬುದು. ಪ್ರತಿ ಅಪವಾದವೂ ಪ್ರಾಕ್ಕಲ್ಪನೆಯನ್ನು ಹೆಚ್ಚು ನಿಖರಗೊಳಿಸಿರುವುದನ್ನು ಇಲ್ಲಿ ಗಮನಿಸಬಹುದು. ‘ಹೆರು’ ಎಂಬರ್ಥದಲ್ಲಿ ‘ಹಡೆ’ ಇದ್ದೂ ‘ಹೊಂದು’ ಎಂಬರ್ಥದಲ್ಲಿ ‘ಪಡೆ’ ಏಕೆ ಬಳಕೆಯಲ್ಲಿದೆ ಎಂಬ ಪ್ರಶ್ನೆಯನ್ನೂ ಇದೇ ಜಾಡಿನಲ್ಲಿ ಕೇಳಬೇಕು. ಗ್ರಂಥಭಾಷೆಯ ಪ್ರಭಾವದಿಂದ ‘ಪಡೆ’ ಮರಳಿ ಬಂದಿದೆ ಎಂದು ಊಹಿಸಿದರೆ, ನಡುಗನ್ನಡದಲ್ಲಿ ‘ಹೊಂದು’ ಎಂಬರ್ಥದ ‘ಹಡೆ’ ರೂಪಗಳು ದೊರೆಯಬೇಕಾಗುತ್ತದೆ.

ಆಕರದ ಆಯ್ಕೆಯೂ ಇಲ್ಲಿ ಮುಖ್ಯ. ಕಾವ್ಯಗಳ ಓಲೆಪ್ರತಿಗಳು ಬಹುಮಟ್ಟಿಗೆ ಕವಿಯ ಕಾಲಕ್ಕಿಂತ ಈಚಿನವು. ಲಿಪಿಕಾರರು ತಮ್ಮ ಕಾಲದ ರೂಪಗಳನ್ನು ಸೇರಿಸಿರಬಹುದು. ಆದ್ದರಿಂದ ಬದಲಾವಣೆಯ ಕಾಲನಿರ್ಣಯಕ್ಕೆ ತೇದಿಯುಳ್ಳ ಶಾಸನಗಳೇ ಹೆಚ್ಚು ಭದ್ರವಾದ ಆಕರ. ಪಕಾರವಿದೆಯೆಂಬ ಕಾರಣಕ್ಕೆ ಒಂದು ಪ್ರತಿಯನ್ನು ಹಳೆಯದೆಂದು ಹೇಳಿ, ಆ ಪ್ರತಿಯಿಂದಲೇ ಪಕಾರದ ಪ್ರಾಚೀನತೆಯನ್ನು ಸಾಧಿಸುವುದು ಚಕ್ರಾಕಾರದ ವಾದವಾಗುತ್ತದೆ.

ವಿದ್ಯಾರ್ಥಿಗಳಿಗೆ ರಚನಾಕ್ರಮ

ಆರಂಭದ ಜನಪದ ಗೀತೆಗಳ ಉದಾಹರಣೆಯನ್ನೇ ತಿದ್ದಿ ನೋಡಬಹುದು.

೧. ವಿಷಯದಿಂದ ಪ್ರಶ್ನೆಗೆ ಬರಬೇಕು. ‘ಬೀಸುವ ಪದಗಳು’ ಎಂಬುದು ವಿಷಯ. ‘ನಾಟಿಯ ಪದಗಳಿಗಿಂತ ಬೀಸುವ ಪದಗಳಲ್ಲಿ ತವರಿನ ಪ್ರಸ್ತಾಪ ಹೆಚ್ಚೆ? ಹೆಚ್ಚಾದರೆ ಏಕೆ?’ ಎಂಬುದು ಪ್ರಶ್ನೆ.

೨. ಸಂಬಂಧವನ್ನು ಸ್ಪಷ್ಟವಾಗಿ ಹೇಳಬೇಕು. ‘ಬೀಸುವ ಹೆಣ್ಣು ಒಂಟಿಯಾಗಿ ಹಾಡುವುದರಿಂದ ತವರಿನ ಪ್ರಸ್ತಾಪ ಹೆಚ್ಚು’ ಎಂದಾಗ ಕಾರಣ ಮತ್ತು ಪರಿಣಾಮಗಳೆರಡೂ ಗೋಚರಿಸುತ್ತವೆ.

೩. ಪದಗಳ ಅರ್ಥವನ್ನು ನಿಗದಿಪಡಿಸಬೇಕು. ತಾಯಿ, ಅಣ್ಣ, ತವರೂರುಗಳಲ್ಲಿ ಯಾವುದು ತವರಿನ ಪ್ರಸ್ತಾಪವೆನಿಸುತ್ತದೆ ಎಂಬುದನ್ನು ಎಣಿಕೆಗೆ ಮೊದಲೇ ನಿರ್ಧರಿಸಬೇಕು.

೪. ನಿರಾಕರಣೆಯ ಸಂದರ್ಭವನ್ನು ಬರೆದಿಡಬೇಕು. ಒಂಟಿತನವೇ ಕಾರಣವಾದರೆ, ಇಬ್ಬರು ಕೂಡಿ ಬೀಸುವಾಗ ಹಾಡಿದ ಪದಗಳಲ್ಲಿ ಈ ಪ್ರಸ್ತಾಪ ಕಡಿಮೆಯಿರಬೇಕು. ಹಾಗಿಲ್ಲದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

೫. ಅಚ್ಚಾದ ಸಂಕಲನಗಳಲ್ಲಿ ಹಾಡಿದ ಸಂದರ್ಭ ದಾಖಲಾಗಿಲ್ಲದಿದ್ದರೆ ಈ ಪ್ರಾಕ್ಕಲ್ಪನೆಯನ್ನು ಅವುಗಳಿಂದ ಪರೀಕ್ಷಿಸಲಾಗದು. ಹೊಸ ಕ್ಷೇತ್ರಕಾರ್ಯದ ಅಗತ್ಯ ಹೀಗೆ ಪ್ರಾಕ್ಕಲ್ಪನೆಯಿಂದಲೇ ತಿಳಿದುಬರುತ್ತದೆ.

ಎಲ್ಲ ಸಂಶೋಧನೆಗೂ ಪ್ರಾಕ್ಕಲ್ಪನೆ ಅನಿವಾರ್ಯವೆಂದು ಭಾವಿಸಬೇಕಾಗಿಲ್ಲ. ಗ್ರಂಥಸಂಪಾದನೆ, ಹಸ್ತಪ್ರತಿ ಸೂಚಿ, ಉಪಭಾಷೆಯ ಮೊದಲ ದಾಖಲೀಕರಣಗಳಲ್ಲಿ ಖಚಿತವಾದ ಪ್ರಶ್ನೆ ಹಾಗೂ ವಿಧಾನಗಳಷ್ಟೇ ಸಾಕಾಗಬಹುದು. ಅಂಥಲ್ಲಿ ನಿಯಮಪಾಲನೆಗಾಗಿ ಪ್ರಾಕ್ಕಲ್ಪನೆಯನ್ನು ಹೊಸೆಯುವುದಕ್ಕಿಂತ ಬಿಡುವುದೇ ಲೇಸು.

ಸಮಾರೋಪ

ಪ್ರಾಕ್ಕಲ್ಪನೆ ಸುಳ್ಳಾದರೆ ಪದವಿ ಕೈತಪ್ಪುತ್ತದೆ ಎಂಬ ಭಯವೇ ವಿದ್ಯಾರ್ಥಿಗಳನ್ನು ಸೋಲಿಲ್ಲದ ಹೇಳಿಕೆಗಳತ್ತ ತಳ್ಳುತ್ತದೆ. ಈ ಭಯವನ್ನು ನೀಗಿಸುವ ಹೊಣೆ ಮಾರ್ಗದರ್ಶಕರದು ಮತ್ತು ಪರೀಕ್ಷಕರದು. ಸರಿಯಾದ ಆಕರಗಳಿಂದ ನಿರಾಕೃತವಾದ ಪ್ರಾಕ್ಕಲ್ಪನೆಯೂ ಜ್ಞಾನಕ್ಕೆ ಸಂದ ಕೊಡುಗೆಯೇ. ಮುಂದಿನ ಸಂಶೋಧಕ ಅದೇ ದಾರಿಯಲ್ಲಿ ಮತ್ತೆ ಅಲೆಯುವುದನ್ನು ಅದು ತಪ್ಪಿಸುತ್ತದೆ.