ಬೂಟ್ ಆದ ಮೊದಲ ಕ್ಷಣಗಳು

ರ‍್ಯಾಂಡಮ್ ನಂಬರ್ ಬೇಕು ಅಂದ್ರೆ ಸಿ ಲ್ಯಾಬ್‌ನಲ್ಲಿ ನಾವೆಲ್ಲ ಈಗಿನ ಟೈಮನ್ನೇ ಸೀಡ್ ಆಗಿ ಕೊಡ್ತೀವಿ. ಹಾವು-ಏಣಿ ಆಟಕ್ಕೆ ಅಷ್ಟು ಸಾಕು, ಸೀಕ್ರೆಟ್ ಕೀಗೆ ಸಾಲದು. ಪ್ರೋಗ್ರಾಂ ಯಾವ ಗಂಟೆಯಲ್ಲಿ ಓಡಿತು ಅಂತ ಗೊತ್ತಿದ್ದವನು ಹುಡುಕಬೇಕಾದ ಸೀಡ್‌ಗಳು ಬರೀ 3600. ಸೀಡನ್ನು ಊಹಿಸೋದು ಎಷ್ಟು ಕಷ್ಟ ಅನ್ನೋದರ ಅಳತೆಯೇ ಇಲ್ಲಿ ಎಂಟ್ರೋಪಿ. (ಥರ್ಮೋಡೈನಮಿಕ್ಸ್‌ನಲ್ಲಿ ಕಾಡೋ ಎಂಟ್ರೋಪಿಯ ದೂರದ ನೆಂಟ.)

ಲಿನಕ್ಸ್ ಕರ್ನಲ್ ಇದನ್ನು ಹೊರಗಿನಿಂದ ಕೂಡಿಹಾಕುತ್ತೆ. ಕೀ ಒತ್ತಿದ್ದು, ಮೌಸ್ ಅಲ್ಲಾಡಿದ್ದು, ಡಿಸ್ಕ್ ಉತ್ತರ ಕೊಟ್ಟಿದ್ದು ಸರಿಯಾಗಿ ಯಾವ ಕ್ಷಣದಲ್ಲಿ ಅಂತ ಅಳೆದು, ಎಲ್ಲವನ್ನೂ ಹ್ಯಾಶ್ ಮಾಡಿ ಕಲಸಿಡುತ್ತೆ. 256 ಬಿಟ್ ಸೇರಿದ ಮೇಲೆ ಚಾಚಾ20 ಸೈಫರ್ ಅದರಿಂದಲೇ ಬೇಕಾದಷ್ಟು ನಂಬರ್ ಕೊಡುತ್ತೆ. ಪೆಟ್ರೋಲ್ ತರ ಎಂಟ್ರೋಪಿ ಖಾಲಿಯಾಗುತ್ತೆ ಅನ್ನೋ ಹಳೇ ನಂಬಿಕೆ ಬಿಟ್ಟುಬಿಡಿ.

ಕಷ್ಟ ಇರೋದು ಆ 256 ಬಿಟ್ ಸೇರೋವರೆಗೆ. ರೌಟರ್‌ಗೆ ಕೀಬೋರ್ಡ್ ಇಲ್ಲ, ಮೌಸ್ ಇಲ್ಲ, ಹಾರ್ಡ್ ಡಿಸ್ಕೂ ಇಲ್ಲ. ಆದ್ರೂ ಮೊದಲ ಸಲ ಆನ್ ಆದ ಕೂಡಲೇ ಆರ್‌ಎಸ್‌ಎ ಕೀ ತಯಾರಿಸಿಕೊಳ್ಳಬೇಕು. ಒಂದೇ ಮಾಡೆಲ್‌ನ ಎರಡು ರೌಟರ್ ಒಂದೇ ಸ್ಥಿತಿಯಿಂದ ಹೊರಟರೆ ಎರಡಕ್ಕೂ ಮೊದಲ ಪ್ರೈಮ್ ಒಂದೇ. ಅಷ್ಟರಲ್ಲಿ ಗಡಿಯಾರ ಒಂಚೂರು ಹಿಂದೆಮುಂದೆ ಆಗಿ ಎರಡನೇ ಪ್ರೈಮ್ ಬೇರೆಯಾಗುತ್ತೆ. ಚಿಕ್ಕ ಲೆಕ್ಕ ನೋಡಿ: 7×11=77, 7×13=91. ಪಬ್ಲಿಕ್ ಕೀಯಲ್ಲಿ 77, 91 ಎಲ್ಲರಿಗೂ ಕಾಣುತ್ತೆ. ಎರಡರ ಜಿಸಿಡಿ 7. ಅಲ್ಲಿಗೆ ಎರಡೂ ಕೀ ಒಡೆದಂತೆ! ಸಾವಿರ ಬಿಟ್‌ನ ಸಂಖ್ಯೆಯನ್ನು ಫ್ಯಾಕ್ಟರ್ ಮಾಡೋಕೆ ಒದ್ದಾಡಬೇಕು; ಜಿಸಿಡಿ ಮಾತ್ರ ಲ್ಯಾಪ್‌ಟಾಪ್‌ಗೂ ಚಿಟಿಕೆ ಕೆಲಸ. 2012ರಲ್ಲಿ ಸಂಶೋಧಕರು ಇಂಟರ್‌ನೆಟ್ ಪೂರ್ತಿ ಜಾಲಾಡಿ ಕೀಗಳನ್ನು ಗುಡ್ಡೆಹಾಕಿ ಇದನ್ನೇ ಮಾಡಿದ್ರು. ಟಿಎಲ್‌ಎಸ್ ಹೋಸ್ಟ್‌ಗಳಲ್ಲಿ ಸುಮಾರು 0.5%ರ ಪ್ರೈವೇಟ್ ಕೀ ಅವರ ಕೈಗೆ ಬಂತು.

ಹಾಗಾದ್ರೆ ಎಂಟ್ರೋಪಿ ಸೇರೋವರೆಗೆ ಕಾದರಾಯ್ತಲ್ಲ? ಲಿನಕ್ಸ್‌ನ ಗೆಟ್‌ರ‍್ಯಾಂಡಮ್ ಕಾಲ್ ಕಾಯುತ್ತೆ. ಆದರೆ 2019ರಲ್ಲಿ ಎಕ್ಸ್ಟ್4 ಫೈಲ್‌ಸಿಸ್ಟಮ್‌ಗೆ ಒಂದು ಸುಧಾರಣೆ ಬಂತು. ಡಿಸ್ಕ್ ಓದುವುದು ಕಮ್ಮಿಯಾಯ್ತು, ಇಂಟರಪ್ಟ್‌ಗಳೂ ಕಮ್ಮಿಯಾದವು, ಎಂಟ್ರೋಪಿ ಸೇರಲಿಲ್ಲ. ಕೆಲವು ಮಷೀನ್‌ಗಳು ಬೂಟ್ ಆಗದೆ ಕಾಯ್ತಾ ಕೂತವು. ಆಮೇಲೆ 5.4 ಕರ್ನಲ್‌ನಲ್ಲಿ, ಕಾಯುವಾಗ ಸಿಪಿಯು ಟೈಮಿಂಗ್‌ನ ಏರುಪೇರಿನಿಂದಲೇ ಎಂಟ್ರೋಪಿ ತೆಗೆಯೋ ಕೋಡ್ ಹಾಕಿದ್ರು. ಅದರಲ್ಲಿ ನಿಜವಾಗಿ ಎಷ್ಟು ಎಂಟ್ರೋಪಿ ಇದೆ ಅಂತ ವಾದ ಮಾಡೋರು ಇದ್ದಾರೆ. ನನಗಂತೂ ಸುಮ್ಮನೆ ನೇತಾಡೋದಕ್ಕಿಂತ, ಊಹಿಸಬಹುದಾದ ಕೀ ಕೊಡೋದಕ್ಕಿಂತ ಇದೇ ವಾಸಿ ಅನ್ಸುತ್ತೆ.

ಇಎಸ್‌ಪಿ32 ಹಾಕಿ ಪ್ರಾಜೆಕ್ಟ್ ಮಾಡೋರು ಗಮನಿಸಿ. ಅದರ ಹಾರ್ಡ್‌ವೇರ್ ಜನರೇಟರ್‌ಗೆ ವೈಫೈ ಅಥವಾ ಬ್ಲೂಟೂತ್ ಆನ್ ಇದ್ದಾಗ ರೇಡಿಯೋ ನಾಯ್ಸ್ ಸಿಗುತ್ತೆ. ಎರಡೂ ಆಫ್ ಇದ್ದು, ಬೇರೆ ಎಂಟ್ರೋಪಿ ಮೂಲವನ್ನೂ ಆನ್ ಮಾಡಿಲ್ಲ ಅಂದ್ರೆ ಅದು ಕೊಡೋದನ್ನು ಸೂಡೋ-ರ‍್ಯಾಂಡಮ್ ಅಂತಲೇ ಎಣಿಸಬೇಕು. ಕೀ ತಯಾರಿಸೋ ಸಾಲು ನಿಮ್ಮ ಕೋಡ್‌ನಲ್ಲಿ ವೈಫೈ ಶುರುಮಾಡೋ ಸಾಲಿಗಿಂತ ಮೇಲಿದೆಯಾ, ಒಂದ್ಸಲ ತೆರೆದು ನೋಡಿ.