ಕಾಲುಸಂಕಕ್ಕೆ ಹಣ ಎಲ್ಲಿಂದ? ಗ್ರಾಮ ಪಂಚಾಯತಿಯ ಲೆಕ್ಕ ತಿಳಿಯೋಣ



ಮಳೆಗಾಲದಲ್ಲಿ ಸ್ವಸಹಾಯ ಸಂಘಗಳ ಸಭೆಗೆ ನಾವು ಹೋದಲ್ಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಪಂಚಾಯತಿಗೆ ಲಕ್ಷಗಟ್ಟಲೆ ದುಡ್ಡು ಬರ್ತದಂತೆ, ನಮ್ಮ ತೋಡಿಗೆ ಒಂದು ಸಂಕ ಹಾಕ್ಲಿಕ್ಕೆ ಮಾತ್ರ ಇಲ್ವಾ?" ಕೇಳುವವರ ಸಿಟ್ಟು ನ್ಯಾಯವೇ. ಆದರೆ ಆ ದುಡ್ಡು ಯಾವುದು, ಯಾವ ಕೆಲಸಕ್ಕೆ ಬಂದದ್ದು, ಯಾವ ಸಭೆಯಲ್ಲಿ ಹಂಚಿಹೋಯಿತು ಎಂದು ತಿರುಗಿ ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿಲ್ಲ. ಈ ಪಾಠದಲ್ಲಿ ಅದನ್ನೇ ತಿಳಿದುಕೊಳ್ಳೋಣ.

ಕರಾವಳಿ, ಮಲೆನಾಡಿನವರಿಗೆ ಕಾಲುಸಂಕವೆಂದರೆ ಏನೆಂದು ಹೇಳಬೇಕಾಗಿಲ್ಲ. ನಾಲ್ಕು ಅಡಿಕೆ ಮರ ಅಡ್ಡ ಹಾಕಿ, ಹಿಡಿದುಕೊಳ್ಳಲಿಕ್ಕೆ ಒಂದು ಬಿದಿರು ಕಟ್ಟಿದರೆ ಸಂಕ ಆಯಿತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಶಾಲೆ, ಡೇರಿ, ರೇಷನ್ ಅಂಗಡಿ ಎಲ್ಲದಕ್ಕೂ ಅದರ ಮೇಲೆಯೇ ನಡೆಯಬೇಕು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಪೇಪರಿನಲ್ಲಿ ಓದಿ ನಾವೆಲ್ಲ ಮರುಗಿದೆವು. ಅದೇ ವಾರ ನಮ್ಮ ಒಂದು ಸಂಘದ ಅಕ್ಕ ಹೇಳಿದ ಮಾತು ಈಗಲೂ ನಮ್ಮ ಕಿವಿಯಲ್ಲಿದೆ: "ನಮ್ಮ ಸಂಕ ಅದಕ್ಕಿಂತ ಎಂತ ಒಳ್ಳೆದುಂಟು?"

ತೀರ್ಮಾನ ಮಾಡುವವರು ಯಾರು?

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದೇ ವರ್ಷ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆಯೂ ಬಂತು. ಈಗ ಅದರ ಹೆಸರಿನಲ್ಲಿ 'ಗ್ರಾಮ ಸ್ವರಾಜ್' ಎಂಬ ಮಾತೂ ಸೇರಿದೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಸದಸ್ಯರ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಇದು: ಊರಿಗೆ ಯಾವ ಕೆಲಸ ಆಗಬೇಕು ಎಂದು ಮೊದಲು ಹೇಳುವವರು ಅಧ್ಯಕ್ಷರೂ ಅಲ್ಲ, ಪಿಡಿಒ ಕೂಡ ಅಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ನಾವೇ. ಮೊದಲು ವಾರ್ಡ್ ಸಭೆ. ಅಲ್ಲಿ ವಾರ್ಡಿನ ಬೇಡಿಕೆಗಳ ಪಟ್ಟಿಯಾಗುತ್ತದೆ. ಆಮೇಲೆ ಗ್ರಾಮ ಸಭೆ. ಅಲ್ಲಿ ಎಲ್ಲಾ ವಾರ್ಡುಗಳ ಪಟ್ಟಿ ಮುಂದಿಟ್ಟು ಯಾವುದು ಮೊದಲು, ಯಾವುದು ನಂತರ ಎಂದು ಆದ್ಯತೆ ನಿಗದಿಯಾಗಬೇಕು. ಎರಡೂ ಸಭೆಗಳು ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಆ ಆದ್ಯತಾ ಪಟ್ಟಿಯಿಂದಲೇ ಪಂಚಾಯತಿಯವರು ವರ್ಷದ ಕ್ರಿಯಾ ಯೋಜನೆ ತಯಾರಿಸಬೇಕು. ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಹೊತ್ತಿನಲ್ಲಿ "ಈಗ ಪಂಚಾಯತಿಯೇ ಇಲ್ಲವಲ್ಲ" ಎಂದು ಕೆಲವರು ಸುಮ್ಮನಿದ್ದುಬಿಡುತ್ತಾರೆ. ಮತದಾರರೆಲ್ಲ ಸೇರಿದರೆ ಗ್ರಾಮ ಸಭೆ. ಅದಕ್ಕೆ ಅವಧಿಯೂ ಇಲ್ಲ, ವಿಸರ್ಜನೆಯೂ ಇಲ್ಲ.

ನಮ್ಮ ತಪ್ಪನ್ನೂ ಹೇಳಬೇಕು. ಸಭೆಗೆ ಹೋಗುತ್ತೇವೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತೇವೆ, ಚಾ ಕುಡಿಯುತ್ತೇವೆ, "ಅಡಿಗೆ ಆಗ್ಲಿಲ್ಲ ಮಾರಾಯ್ರೆ" ಎಂದು ಹೊರಟುಬಿಡುತ್ತೇವೆ. ನಡಾವಳಿ ಬರೆಯುವುದು ಆಮೇಲೆ. ಬಾಯಲ್ಲಿ ಎಷ್ಟು ಜೋರಾಗಿ ಹೇಳಿದರೂ ನಡಾವಳಿಯಲ್ಲಿ ಬಾರದಿದ್ದರೆ ಆ ಬೇಡಿಕೆ ಇಲ್ಲವೆಂದೇ ಲೆಕ್ಕ. ಹಾಗಾಗಿ ಬೇಡಿಕೆಯನ್ನು ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, ಎದ್ದು ಬರುವ ಮೊದಲು ನಿರ್ಣಯ ಓದಿ ಹೇಳಿಸಿ.

ಹಣದ ಚೀಲ ಒಂದಲ್ಲ

ಪಂಚಾಯತಿಯ ಹಣವೆಲ್ಲ ಒಂದೇ ಚೀಲದಲ್ಲಿ ಇರುತ್ತದೆಂದು ನಾವು ತಿಳಿದಿದ್ದೇವೆ. ಹಾಗಲ್ಲ. ಅಕ್ಕಿಯ ಡಬ್ಬಿ, ಬೇಳೆಯ ಡಬ್ಬಿ ಬೇರೆ ಬೇರೆ ಇದ್ದಂತೆ.

ಮೊದಲನೆಯದು ಸ್ವಂತ ಆದಾಯ: ಮನೆ ಕಂದಾಯ, ನೀರಿನ ಬಿಲ್ಲು, ಅಂಗಡಿ ಪರವಾನಗಿ ಶುಲ್ಕ, ಸಂತೆ ಹರಾಜು ಇತ್ಯಾದಿ. ಇದರಲ್ಲಿ ಒಂದು ಪಾಲು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಇನ್ನೊಂದು ಪಾಲು ಅಂಗವಿಕಲರಿಗೆ ಮೀಸಲು. ಅದನ್ನು ಬೇರೆಯದಕ್ಕೆ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ನೌಕರರ ಸಂಬಳ, ಕಚೇರಿ ಖರ್ಚು ಕಳೆದು ಮಿಕ್ಕದ್ದನ್ನು ಊರಿನ ಯಾವ ಕೆಲಸಕ್ಕೂ ಬಳಸಬಹುದು. ಪಂಚಾಯತಿಯ ಕೈಯಲ್ಲಿ ಸ್ವತಂತ್ರವಾಗಿ ಇರುವ ದುಡ್ಡು ಎಂದರೆ ಹೆಚ್ಚುಕಡಿಮೆ ಇದೇ. "ಅವರು ಕೆಲಸ ಮಾಡಲಿ, ಆಮೇಲೆ ಕಂದಾಯ ಕಟ್ಟುವ" ಎನ್ನುವವರು ನಮ್ಮ ಸಂಘಗಳಲ್ಲೂ ಇದ್ದಾರೆ. ಕಂದಾಯ ಬಾಕಿ ಇಟ್ಟು ಸಂಕ ಕೇಳಿದರೆ ಪಂಚಾಯತಿಗೆ ಉತ್ತರ ಕೊಡಲು ನಾವೇ ದಾರಿ ಮಾಡಿಕೊಟ್ಟಂತೆ.

ಎರಡನೆಯದು ಕೇಂದ್ರ ಹಣಕಾಸು ಆಯೋಗದ ಅನುದಾನ. ಬೋರ್ಡಿನಲ್ಲಿ ಕಾಣುವ ದೊಡ್ಡ ಅಂಕೆ ಹೆಚ್ಚಾಗಿ ಇದರದ್ದು. 2015ರಿಂದ 2020ರವರೆಗೆ, 14ನೇ ಆಯೋಗದ ಕಾಲದಲ್ಲಿ, ಹಳ್ಳಿಗಳ ಪಾಲಿನ ಹಣ ಪೂರ್ತಿಯಾಗಿ ಗ್ರಾಮ ಪಂಚಾಯತಿಗಳಿಗೇ ಬರುತ್ತಿತ್ತು. 15ನೇ ಆಯೋಗ ಬಂದ ಮೇಲೆ ತಾಲೂಕು, ಜಿಲ್ಲಾ ಪಂಚಾಯತಿಗಳಿಗೂ ಪಾಲು ಹೋಯಿತು. 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ ಇನ್ನೊಂದು ಷರತ್ತೂ ಇತ್ತು. ಅನುದಾನದ ಶೇಕಡ 60 ನಿರ್ಬಂಧಿತ: ಶೇಕಡ 30 ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ, ಶೇಕಡ 30 ನೈರ್ಮಲ್ಯಕ್ಕೆ. ಶೇಕಡ 40 ಮಾತ್ರ ಊರಿನ ಬೇರೆ ಅಗತ್ಯಗಳಿಗೆ. ಅದರಲ್ಲೂ ಸಂಬಳ ಕೊಡುವಂತಿಲ್ಲ.

ಒಂದು ಲೆಕ್ಕ ಮಾಡೋಣ. ಒಂದು ಪಂಚಾಯತಿಗೆ ಹೀಗೆ 10 ಲಕ್ಷ ಬಂತು ಅಂತಿಟ್ಟುಕೊಳ್ಳಿ. 3 ಲಕ್ಷ ನೀರಿಗೆ, 3 ಲಕ್ಷ ನೈರ್ಮಲ್ಯಕ್ಕೆ ಹೋಯಿತು. ಉಳಿದದ್ದು 4 ಲಕ್ಷ. ಕಾಲುಸಂಕ ನೀರಿನ ಮೇಲೆ ಇದ್ದರೂ ಕುಡಿಯುವ ನೀರಿನ ಲೆಕ್ಕಕ್ಕೆ ಬರುವುದಿಲ್ಲ! ಈ 4 ಲಕ್ಷದಲ್ಲೇ ಅದಕ್ಕೆ ಜಾಗ ಸಿಗಬೇಕು. ಬೀದಿದೀಪ, ರಸ್ತೆ ರಿಪೇರಿ, ಅಂಗನವಾಡಿಯ ಮಾಡು ಎಲ್ಲವೂ ಅಲ್ಲೇ ಸಾಲು ನಿಂತಿರುತ್ತವೆ.

ಮೂರನೆಯದು ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿ. ಕರ್ನಾಟಕದಲ್ಲಿ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ ನಿಗದಿಯಾಗಿತ್ತು. ಅವರು ಕೆಲಸವನ್ನು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಮನವಿ ಕೊಟ್ಟು ಫೋಟೊ ತೆಗೆಸಿಕೊಂಡರೆ ಸಾಲದು; ಶಿಫಾರಸು ಪತ್ರ ಹೋಯಿತೇ ಎಂದು ವಿಚಾರಿಸಬೇಕು.

ಉದ್ಯೋಗ ಖಾತ್ರಿಯ ವಿಷಯ ಈಗ ಬದಲಾಗಿದೆ. 2005ರ ಕಾಯಿದೆಯಡಿ ಕಾಮಗಾರಿಗಳ ಪಟ್ಟಿ ಗ್ರಾಮ ಸಭೆಯಲ್ಲೇ ಆಗಬೇಕಿತ್ತು, ಕೂಲಿಗೆ 60 ಪಾಲು ಸಾಮಗ್ರಿಗೆ 40 ಪಾಲು, ಗುತ್ತಿಗೆದಾರರಿಗೆ ಅವಕಾಶವಿರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಬದಲಿಗೆ 125 ದಿನಗಳ ಕೆಲಸದ ಹೊಸ ಕಾಯಿದೆ ಅಂಗೀಕರಿಸಿತು. ಹಳೆಯ ತಿಳುವಳಿಕೆಯಲ್ಲೇ ಅರ್ಜಿ ಬರೆಯಬೇಡಿ. ಪಂಚಾಯತಿಯಲ್ಲಿ ಕೇಳಿ ಮುಂದುವರಿಯಿರಿ.

'ತಲಾ ಇಷ್ಟು' ಎಂಬ ರೋಗ

ಈಗ ಆ 4 ಲಕ್ಷಕ್ಕೆ ಬರೋಣ. ಪಂಚಾಯತಿಯಲ್ಲಿ 13 ಸದಸ್ಯರಿದ್ದಾರೆ. "ಜಗಳ ಬೇಡ, ಎಲ್ಲರಿಗೂ ಸಮ ಸಮ" ಎಂದು ಹಂಚಿದರೆ ತಲಾ ಮೂವತ್ತು ಸಾವಿರ ಚಿಲ್ಲರೆ. ಕೇಳಲಿಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆ ದುಡ್ಡಿನಲ್ಲಿ ಎಂತ ಆಗುತ್ತದೆ? ಹತ್ತು ಮಾರು ಚರಂಡಿ, ಎರಡು ದೀಪ, ಒಂದು ಮೋರಿ. ವರ್ಷ ವರ್ಷವೂ ಹದಿಮೂರು ತುಂಡು ಕೆಲಸ, ಸಂಕ ಮಾತ್ರ ಅಲ್ಲೇ. ಸದಸ್ಯರಿಗೆ ಹೀಗೆ ಸಮನಾಗಿ ಹಂಚಬೇಕೆಂದು ಕಾಯಿದೆ ಹೇಳಿಲ್ಲ. ಅಗತ್ಯ ನೋಡಿ ಆದ್ಯತೆ ಕೊಡಬೇಕೆಂದೇ ಗ್ರಾಮ ಸಭೆ ಇರುವುದು. ಸದಸ್ಯರನ್ನು ಮಾತ್ರ ದೂರಿ ಪ್ರಯೋಜನವಿಲ್ಲ, "ನಮ್ಮ ವಾರ್ಡಿಗೆ ಈ ಸಲ ಎಂತ ತಂದಿ?" ಎಂದು ಅವರನ್ನು ಕೇಳುವವರು ನಾವೇ ಅಲ್ಲವೇ?

ನಾವು ಕಂಡ ಒಂದು ಊರಿನ ಕಥೆ ಹೇಳುತ್ತೇವೆ, ಊರಿನ ಹೆಸರು ಬೇಡ. ಅಲ್ಲಿಯ ತೋಡು ಎರಡು ವಾರ್ಡುಗಳ ಗಡಿ. ಈಚೆಯ ಸದಸ್ಯರು "ಅದು ಆಚೆಯವರಿಗೆ ಬೇಕಾದದ್ದು" ಎನ್ನುತ್ತಿದ್ದರು, ಆಚೆಯವರು "ಮಕ್ಕಳು ಹೋಗುವ ಶಾಲೆ ಈಚೆಯದ್ದು" ಎನ್ನುತ್ತಿದ್ದರು. ನಾಲ್ಕು ವರ್ಷ ಹೀಗೇ ಹೋಯಿತು. ನಾವೂ ಒಂದು ತಪ್ಪು ಮಾಡಿದ್ದೆವು: ನೇರವಾಗಿ ಪಂಚಾಯತಿ ಕಚೇರಿಗೆ ಮನವಿ ಬರೆಸಿಕೊಟ್ಟು ಕುಳಿತಿದ್ದೆವು. ಅದು ಫೈಲಿನಲ್ಲೇ ಉಳಿಯಿತು.

ಐದನೇ ವರ್ಷ ಎರಡೂ ಕಡೆಯ ಸಂಘದವರು ಸಂಘಕ್ಕೆ ಸೇರದವರ ಮನೆಗಳಿಗೂ ಹೋದರು. ಸಂಕ ದಾಟುವ ಮನೆ ಎಷ್ಟು, ಶಾಲೆಗೆ ಹೋಗುವ ಮಕ್ಕಳೆಷ್ಟು, ಬಸುರಿಯರು, ವಯಸ್ಸಾದವರು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದರು. ಎರಡೂ ವಾರ್ಡ್ ಸಭೆಗಳಲ್ಲಿ ಅದೇ ಹಾಳೆ ಓದಿದರು. ಮಕ್ಕಳ ಗ್ರಾಮ ಸಭೆಯಲ್ಲಿ ಆರನೇ ತರಗತಿಯ ಹುಡುಗನೊಬ್ಬ ಎದ್ದು, ಮಳೆ ಜೋರಾದ ದಿನ ತನ್ನ ತಂಗಿಯನ್ನು ಶಾಲೆಗೆ ಕಳಿಸುವುದಿಲ್ಲ ಎಂದು ಹೇಳಿದ. ಅದೂ ನಡಾವಳಿಯಲ್ಲಿ ಬಂತು.

ಗ್ರಾಮ ಸಭೆಯಲ್ಲಿ ಗಲಾಟೆ ಆಗದೆ ಇರಲಿಲ್ಲ. ಬೇರೆ ವಾರ್ಡಿನವರು "ನಮ್ಮ ರಸ್ತೆ ಯಾವಾಗ?" ಎಂದು ಕೇಳಿದರು. ಆಗ ಈಚೆಯ ಸಂಘದ ಹಿರಿಯ ಅಕ್ಕ ಎದ್ದುನಿಂತು, "ನಮ್ಮ ಬಾಗಿಲ ಎದುರಿನ ಚರಂಡಿ ಈ ವರ್ಷ ಬೇಡ, ಬರೆದುಕೊಳ್ಳಿ. ಸಂಕ ಆಗಲಿ" ಎಂದರು. ಆ ಚರಂಡಿಗಾಗಿ ಎರಡು ವರ್ಷದಿಂದ ಪಂಚಾಯತಿಗೆ ನಡೆದವರೂ ಅವರೇ. ಎರಡು ವಾರ್ಡುಗಳ ಪಾಲು ಒಟ್ಟು ಸೇರಿತು, ಸ್ವಂತ ಆದಾಯದಿಂದ ಸ್ವಲ್ಪ ಕೊಡುವುದಾಗಿ ಪಂಚಾಯತಿ ಒಪ್ಪಿತು. ಆದರೂ ಸಾಲಲಿಲ್ಲ. ಉಳಿದದ್ದಕ್ಕೆ ಗ್ರಾಮ ಸಭೆಯ ನಿರ್ಣಯದ ಪ್ರತಿ ಲಗತ್ತಿಸಿ ಶಾಸಕರ ನಿಧಿಗೆ ಅರ್ಜಿ ಹೋಯಿತು. ಬರಿಗೈಯಲ್ಲಿ ಕೇಳುವುದಕ್ಕೂ ಅರ್ಧ ಹಣ ತೋರಿಸಿ ಕೇಳುವುದಕ್ಕೂ ವ್ಯತ್ಯಾಸವುಂಟು. ಸಿಮೆಂಟಿನ ಸಂಕ ಮುಗಿಯುವಾಗ ಇನ್ನೊಂದು ಮಳೆಗಾಲ ಕಳೆದಿತ್ತು. ಚರಂಡಿ ಇನ್ನೂ ಆಗಿಲ್ಲ.

ಮಂಜೂರಾದ ಮೇಲೆ

ಕ್ರಿಯಾ ಯೋಜನೆಯಲ್ಲಿ ಹೆಸರು ಬಂದರೆ ಕೆಲಸ ಆಯಿತೆಂದಲ್ಲ. ಇಂಜಿನಿಯರರು ಸ್ಥಳ ನೋಡಿ ಅಂದಾಜು ಪಟ್ಟಿ ಮಾಡಬೇಕು, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಮಂಜೂರಾತಿ ಆಗಬೇಕು. ಕೆಲಸವಾದ ಮೇಲೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್ಲು ಪಾಸು ಮಾಡುತ್ತಾರೆ. ಇಂಜಿನಿಯರರು ಬರುವ ದಿನ ಸಂಘದ ಇಬ್ಬರು ಅಲ್ಲಿ ಇರಲೇಬೇಕು. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಮಾರ್ಚ್ ತಿಂಗಳಲ್ಲಿ ಒಣ ತೋಡು ನೋಡುವವರಿಗೆ ಹೇಗೆ ಗೊತ್ತಾಗಬೇಕು?

ಖರ್ಚಿನ ಲೆಕ್ಕ ನೋಡುವುದಕ್ಕೆ ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಅಲ್ಲಿ ಹಿಂದಿನ ವರ್ಷದ ಜಮಾ ಖರ್ಚು, ಕಾಮಗಾರಿಗಳ ಕಡತ ಜನರ ಮುಂದೆ ಇಡಬೇಕು. ಪಂಚಾಯತಿಯ ಯೋಜನೆ, ಪಾವತಿಗಳ ವಿವರ 2020ರಿಂದ ಇ-ಗ್ರಾಮಸ್ವರಾಜ್ ಜಾಲತಾಣದಲ್ಲೂ ಸಿಗುತ್ತದೆ. ಮೊಬೈಲು ಬಲ್ಲ ಮಕ್ಕಳಿಗೆ ಹೇಳಿದರೆ ಹತ್ತು ನಿಮಿಷದಲ್ಲಿ ತೋರಿಸಿಯಾರು. ಅಲ್ಲಿಯೂ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬದವರಿಗೆ ಅರ್ಜಿ ಶುಲ್ಕವಿಲ್ಲ.

ಸಂಘದ ಮುಂದಿನ ಸಭೆಗೆ

ನಿಮ್ಮ ವಾರ್ಡಿನ ಕಳೆದ ಗ್ರಾಮ ಸಭೆಯ ನಡಾವಳಿಯ ಪ್ರತಿ ತರಿಸಿ ಗಟ್ಟಿಯಾಗಿ ಓದಿಸಿ. ನೀವು ಕೇಳಿದ್ದು ಅದರಲ್ಲಿದೆಯೇ? ಈ ವರ್ಷದ ಕ್ರಿಯಾ ಯೋಜನೆಯಲ್ಲಿ ನಿಮ್ಮ ವಾರ್ಡಿಗೆ ಯಾವ ಕೆಲಸ, ಯಾವ ಅನುದಾನದಲ್ಲಿ ಎಂದು ಪಿಡಿಒ ಅವರಲ್ಲಿ ಕೇಳಿ ಬರೆದುಕೊಳ್ಳಿ. ಸದಸ್ಯರ ಮನೆಗಳಲ್ಲಿ ಕಂದಾಯ ಎಷ್ಟು ಬಾಕಿ ಇದೆ ಎಂದೂ ಒಮ್ಮೆ ನೋಡಿ. ಪಕ್ಕದ ವಾರ್ಡಿನ ಸಂಘದವರನ್ನು ಆ ದಿನ ಕರೆಯಿರಿ. ತೋಡಿನ ಆಚೆ ಅವರೂ ಕಾಯುತ್ತಿರಬಹುದು.